ಎಷ್ಟು ಮಸೆದರೂ ಉಳಿ ಮೊಂಡು, ಏಕೆ?

ಪ್ರಶ್ನೆ: ಮನೆಯಲ್ಲೇ ಮರಗೆಲಸ ಕಲಿಯುತ್ತಿದ್ದೇನೆ. ಒಂದಿಂಚಿನ ಉಳಿಯನ್ನು 1000 ಮತ್ತು 6000 ಗ್ರಿಟ್‌ನ (ಕಣದ ನುಣುಪಿನ ಅಂಕಿ; ಹೆಚ್ಚಿದಷ್ಟೂ ನುಣುಪು) ಜೋಡಿ ವಾಟರ್‌ಸ್ಟೋನ್ (ನೀರು ಹಾಕಿ ಮಸೆಯುವ ಕಲ್ಲು) ಮೇಲೆ ಅರ್ಧ ಗಂಟೆ ಮಸೆದರೂ ತೇಗದ ತುಂಡಿನ ತುದಿಯನ್ನು ನುಣ್ಣಗೆ ಕೀಸುವುದಿಲ್ಲ. ಬಾಯಿ ನಡುವೆ ಉಬ್ಬಿದಂತಿದೆ. ಉಳಿಯೇ ಕಳಪೆಯೇ?
– ಓದುಗರೊಬ್ಬರು, ರಾಜಾಜಿನಗರ, ಬೆಂಗಳೂರು

ಉತ್ತರ: ಉಳಿಯನ್ನು ದೂರುವ ಮೊದಲು ಕಲ್ಲನ್ನು ನೋಡಿ. ಬಾಯಿ ಉಬ್ಬಿದೆಯೆಂದರೆ ಬಹುತೇಕ ಕಲ್ಲಿನ ನಡುಭಾಗ ತಗ್ಗಾಗಿರುತ್ತದೆ. ವಾಟರ್‌ಸ್ಟೋನ್ ಮೆದು. ಹಳೆಯ ಕಣ ಉದುರಿ ಹೊಸದು ಮೇಲೆ ಬರುವುದರಿಂದಲೇ ಅದು ಉಕ್ಕನ್ನು ಬೇಗ ತಿನ್ನುತ್ತದೆ, ಅದರಿಂದಲೇ ಬೇಗ ಸವೆಯುತ್ತದೆ. ಸ್ಟೀಲ್ ಸ್ಕೇಲನ್ನು ಕಲ್ಲಿನ ಮೇಲೆ ಅಡ್ಡ ನಿಲ್ಲಿಸಿ ಬೆಳಕಿಗೆ ಹಿಡಿಯಿರಿ. ಸಂದಿಯಲ್ಲಿ ಬೆಳಕು ಕಂಡರೆ ಅನುಮಾನವೇ ಬೇಡ.

ಸಮ ಮಾಡಲು ಗಾಜಿನಂಗಡಿಯಿಂದ 10 ಮಿ.ಮೀ. ದಪ್ಪದ ತುಂಡು ಗಾಜು ತನ್ನಿ. ಅದರ ಮೇಲೆ 220 ನಂಬರಿನ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಸಿ, ನೀರು ಚಿಮುಕಿಸಿ. ಕಲ್ಲಿನ ಮುಖದ ಮೇಲೆ ಪೆನ್ಸಿಲ್‌ನಲ್ಲಿ ಚೌಕುಳಿ ಗೆರೆ ಎಳೆದು, ಗೆರೆಯೆಲ್ಲ ಅಳಿಸುವವರೆಗೆ ಉಜ್ಜಿ. ನಡುವೆ ಉಳಿದ ಗೆರೆಯೇ ತಗ್ಗು. 6000ದ ಮುಖವನ್ನು ಆಮೇಲೆ ಚೆನ್ನಾಗಿ ತೊಳೆಯಲೇಬೇಕು. ಒರಟು ಕಣ ಒಂದು ಉಳಿದರೂ ಬಾಯಿಗೆ ಗೀರು ಬೀಳುತ್ತದೆ.

ಈಗ ಉಳಿಯ ಚಪ್ಪಟೆ ಬೆನ್ನು. ಬಾಯಿಯಿಂದ ಒಂದಿಂಚಿನಷ್ಟು ಭಾಗ ಏಕರೂಪವಾಗಿ ಹೊಳೆಯುವವರೆಗೆ ಮಸೆಯಿರಿ. ಬೇಸರದ ಕೆಲಸ ನಿಜ, ಆದರೆ ಒಮ್ಮೆ ಸರಿಯಾಗಿ ಮಾಡಿದರೆ ಸಾಕು. ಬಳಿಕ ಓರೆಮುಖಕ್ಕೆ ಕಪ್ಪು ಮಾರ್ಕರ್ ಬಳಿದು 1000ದ ಮೇಲೆ ನಾಲ್ಕು ಸಲ ಎಳೆಯಿರಿ. ಮಸಿ ಓರೆಯ ಹಿಂಭಾಗದಲ್ಲಷ್ಟೇ ಅಳಿಸಿದ್ದರೆ ಬಾಯಿ ಕಲ್ಲಿಗೆ ತಾಗಿಯೇ ಇಲ್ಲ. ಅರ್ಧ ಗಂಟೆ ವ್ಯರ್ಥವಾಗುವುದು ಹೆಚ್ಚಾಗಿ ಇಲ್ಲೇ. ಹಿಡಿಯನ್ನು ತುಸು ಎತ್ತಿ. ಓರೆ 25 ಡಿಗ್ರಿ ಇದ್ದರೆ ತುದಿಯನ್ನಷ್ಟೇ 30ರಲ್ಲಿ ಮಸೆಯಬಹುದು. ತೇಗದಲ್ಲಿ ಬಾಯಿ ಬೇಗ ಮುರುಕಾಗದು.

ಬೆನ್ನಿನ ಕಡೆ ಬೆರಳನ್ನು ಬಾಯಿಯ ಹೊರಕ್ಕೆ ಸವರಿದರೆ ಇಡೀ ಅಗಲಕ್ಕೂ ಸಣ್ಣ ಸಿಬಿರು (ಮಸೆದಾಗ ಬಾಯಿಯಂಚಿನಲ್ಲಿ ಮಡಚಿ ನಿಲ್ಲುವ ಉಕ್ಕಿನ ತೆಳು ಎಳೆ) ಬೆರಳಿಗೆ ತಡೆಯಬೇಕು. ಅದು ಬರುವ ಮುನ್ನ 6000ಕ್ಕೆ ಹೋಗಬೇಡಿ. ಅಲ್ಲಿ ಓರೆಯನ್ನೂ ಬೆನ್ನನ್ನೂ ಸರದಿಯಲ್ಲಿ ಹಗುರವಾಗಿ ಎಳೆದರೆ ಸಿಬಿರು ಉದುರುತ್ತದೆ.

ಪ್ರಶ್ನೆ: ಕಲ್ಲನ್ನು ಸದಾ ನೀರಿನಲ್ಲೇ ಇಡಬಹುದೇ? ಬೋರ್‌ವೆಲ್ ನೀರಾದರೆ ತೊಂದರೆಯೇ?
– ಓದುಗರೊಬ್ಬರು, ಯಲಹಂಕ

ಉತ್ತರ: ಬೋರ್‌ವೆಲ್ ನೀರು ಸಾಕು. 1000ದ ಬಿಡಿಗಲ್ಲನ್ನು ಗುಳ್ಳೆ ನಿಲ್ಲುವವರೆಗೆ, 10–15 ನಿಮಿಷ ನೆನೆಸಿ. 6000, 8000ದ ನುಣುಪು ಕಲ್ಲಿಗೆ ಮೇಲೆ ನೀರು ಚಿಮುಕಿಸಿದರೆ ಸಾಲುತ್ತದೆ; ಕೆಲವು ನೀರಲ್ಲೇ ಬಿಟ್ಟರೆ ಮೆತ್ತಗಾಗಿ ಬಿರುಕು ಬಿಡುತ್ತವೆ. ಕೆಲಸ ಮುಗಿದ ಮೇಲೆ ಕಲ್ಲನ್ನು ನೆರಳಲ್ಲಿ ಒಣಗಿಸಿ, ಬಿಸಿಲಿಗಿಡಬೇಡಿ. ಉಳಿಯನ್ನು ಒರೆಸಿ ಹೊಲಿಗೆ ಯಂತ್ರದ ಎಣ್ಣೆ ಸವರಿ. ಮುಂದಿನ ಸಲ ಮಸೆಯುವ ಮೊದಲು ಆ ಎಣ್ಣೆಯನ್ನು ಪೂರ್ತಿ ತೆಗೆಯಿರಿ, ಇಲ್ಲದಿದ್ದರೆ ಕಲ್ಲಿನ ರಂಧ್ರ ಕಟ್ಟಿಕೊಳ್ಳುತ್ತದೆ.