ಇಲಿಯ ಪರೀಕ್ಷೆ ನಮಗೆ ಲೆಕ್ಕವೇ?

ಪ್ರಶ್ನೆ: ಮೆಣಸಿನ ಗಿಡಕ್ಕೆ ಪ್ರೊಫೆನೊಫಾಸ್ ಹೊಡಿತೀವಿ. ಇಂಥ ಔಷಧ ಇಲಿಗೆ ಕೊಟ್ಟು ನೋಡಿದ್ದು ಮನುಷ್ಯರಿಗೆ ಹೆಂಗ ಅನ್ವಯ ಆಗ್ತದರೀ?
– ಓದುಗರು, ಬ್ಯಾಡಗಿ

ಉತ್ತರ: ಕೆಲಸ ಮಾಡುವ ರೀತಿ ಎರಡರಲ್ಲೂ ಒಂದೇ. ಪ್ರೊಫೆನೊಫಾಸ್ ಸೇರಿದ ಆರ್ಗನೊಫಾಸ್ಫೇಟ್ ಗುಂಪಿನ ಕೀಟನಾಶಕಗಳು ಅಸಿಟೈಲ್‌ಕೋಲಿನೆಸ್ಟರೇಸ್ ಎಂಬ ಕಿಣ್ವವನ್ನು ಕಟ್ಟಿಹಾಕುತ್ತವೆ. ನರದ ಸಂದೇಶ ನಿಲ್ಲದೆ ಜೊಲ್ಲು, ಬೆವರು, ಸ್ನಾಯು ಅದುರುವುದು ಶುರುವಾಗುತ್ತದೆ. ಪ್ರಮಾಣ ಹೆಚ್ಚಾದರೆ ಉಸಿರೇ ನಿಲ್ಲುತ್ತದೆ.

ಆದರೆ ಇಲಿಗೊಂದು ಅನುಕೂಲವಿದೆ: ಅದರ ರಕ್ತದ್ರವದಲ್ಲಿರುವ ಕಾರ್ಬಾಕ್ಸಿಲೆಸ್ಟರೇಸ್ ಎಂಬ ಇನ್ನೊಂದು ಕಿಣ್ವ ವಿಷದ ಒಂದು ಪಾಲನ್ನು ಹಿಡಿದಿಡುತ್ತದೆ. ನಮ್ಮ ರಕ್ತದ್ರವದಲ್ಲಿ ಅದಿಲ್ಲ. ಇದೇ ಗುಂಪಿನ ಕ್ಲೋರ್‌ಪೈರಿಫಾಸ್ ಪ್ರಯೋಗಗಳಲ್ಲಿ ಇಲಿಮರಿಗಳು ದೊಡ್ಡ ಇಲಿಗಳಿಗಿಂತ ಬಹಳ ಬೇಗ ಬಾಧೆಗೊಳಗಾದವು, ಏಕೆಂದರೆ ವಿಷ ಒಡೆಯುವ ಕಿಣ್ವಗಳು ಅವುಗಳಲ್ಲಿ ಇನ್ನೂ ಬಲಿತಿರುವುದಿಲ್ಲ. ಹಾಗಾಗಿ ಔಷಧ ಕಲಸುವ ಕಡೆ ಮಕ್ಕಳನ್ನು ಬಿಡಲೇಬೇಡಿ. ಇಂಥ ಕೆಲವು ವಿಷಗಳಿಂದ ತಡವಾಗಿ ಕಾಲು ಸೋಲುವ ನರರೋಗ ಇಲಿಯಲ್ಲಿ ಸರಿಯಾಗಿ ಕಾಣುವುದಿಲ್ಲ. ಅದಕ್ಕೇ ಆ ಪರೀಕ್ಷೆ ಕೋಳಿಯ ಮೇಲೆ. ಸುರಕ್ಷಿತ ಮಿತಿ ಗೊತ್ತುಮಾಡುವಾಗ ಪ್ರಾಣಿಗೆ ತೊಂದರೆಯಾಗದ ಪ್ರಮಾಣವನ್ನು ಸಾಮಾನ್ಯವಾಗಿ 100ರಿಂದ ಭಾಗಿಸುತ್ತಾರೆ. ಅದು ಮುಖ್ಯವಾಗಿ ಊಟದಲ್ಲಿನ ಉಳಿಕೆಯ ಲೆಕ್ಕ, ಬೆನ್ನಮೇಲೆ ಸೋರುವ ಪಂಪಿನದ್ದಲ್ಲ!

ಸಿಂಪಡಣೆ ಹಂಗಾಮಿಗೆ ಮೊದಲೇ ರಕ್ತದ ಕೋಲಿನೆಸ್ಟರೇಸ್ ಪರೀಕ್ಷೆ (ವಿಷ ಕಟ್ಟಿಹಾಕುವ ಆ ಕಿಣ್ವದ ಮಟ್ಟ ನೋಡುವುದು) ಮಾಡಿಸಿಡಿ. ಸಹಜ ಮಟ್ಟ ಒಬ್ಬೊಬ್ಬರಿಗೆ ಒಂದೊಂದು. ಹಳೆಯ ಅಂಕಿ ಇಲ್ಲದಿದ್ದರೆ ಇಳಿಕೆ ತಿಳಿಯದು. ರಕ್ತದ ಕೆಂಪುಕಣದಲ್ಲಿರುವ ಈ ಕಿಣ್ವ ಒಮ್ಮೆ ಇಳಿದರೆ ದಿನಕ್ಕೆ ಸುಮಾರು ಶೇ. 1ರಷ್ಟೇ ಚೇತರಿಸಿಕೊಳ್ಳುತ್ತದೆ. ಹಾಗಾಗಿ ವಾರಕ್ಕೊಮ್ಮೆ ಹೊಡೆಯುವವರಲ್ಲಿ ಕೊರತೆ ಕೂಡುತ್ತಲೇ ಹೋಗಬಹುದು.