ಟೆಂಡರ್ ಅಲ್ಲ, ಟೆಂಟರ್

ಪ್ರಶ್ನೆ: ಮಗಳ ಪಿಯುಸಿ ಫಲಿತಾಂಶಕ್ಕೆ ಕಾಯುತ್ತಿದ್ದಾಗ ನನ್ನ ತಮ್ಮ ‘ವಿ ಆರ್ ಆಲ್ ಆನ್ ಟೆಂಡರ್‌ಹುಕ್ಸ್’ ಎಂದು ಬರೆದು ಕಳಿಸಿದ. ನಿಘಂಟಿನಲ್ಲಿ ‘ಟೆಂಟರ್‌ಹುಕ್ಸ್’ ಎಂದಿದೆ. ಯಾವುದು ಸರಿ? ಕನ್ನಡದಲ್ಲಿ ‘ತುದಿಗಾಲಲ್ಲಿ ನಿಲ್ಲು’ ಎನ್ನಬಹುದೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ನಿಘಂಟಿನಲ್ಲಿರುವುದೇ ಸರಿ. ‘ಟೆಂಟರ್’ ಎಂದರೆ ಬಟ್ಟೆಯನ್ನು ಎಳೆದು ಬಿಗಿಯುವ ಮರದ ಚೌಕಟ್ಟು. ಇಂಗ್ಲೆಂಡಿನಲ್ಲಿ ನೇಯ್ದ ಉಣ್ಣೆ ಬಟ್ಟೆಯನ್ನು ನೀರಿನಲ್ಲಿ ನೆನೆಸಿ ಕುಟ್ಟಿ, ಜಿಡ್ಡು ತೆಗೆದು ದಟ್ಟವಾಗಿಸುತ್ತಿದ್ದರು. ಅದು ಒಣಗುವಾಗ ಕುಗ್ಗಿ ಸೊಟ್ಟಗಾಗದಂತೆ, ಬಯಲಿನಲ್ಲಿ ನಿಲ್ಲಿಸಿದ ಚೌಕಟ್ಟಿನ ಮೇಲಿನ ಮತ್ತು ಕೆಳಗಿನ ಪಟ್ಟಿಗಳಲ್ಲಿ ಸಾಲಾಗಿ ಬಡಿದಿದ್ದ ಬಾಗಿದ ಮೊಳೆಗಳಿಗೆ ಅದರ ಅಂಚುಗಳನ್ನು ಸಿಕ್ಕಿಸಿ ಬಿಗಿಯುತ್ತಿದ್ದರು. ಆ ಮೊಳೆಗಳೇ ಟೆಂಟರ್‌ಹುಕ್ಸ್. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್‌ನಲ್ಲಿ ‘ಟೆಂಟರ್ ಗ್ರೌಂಡ್’ ಎಂಬ ಬೀದಿ ಇಂದಿಗೂ ಇದೆ. ಚಳ್ಳಕೆರೆ ಕಡೆಯ ಕಂಬಳಿ ನೇಕಾರರು ಹಾಸಿನ ಎಳೆಗಳನ್ನು ಉದ್ದಕ್ಕೆ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಹಚ್ಚಿ ಒಣಗಿಸುವುದನ್ನು ನೀವು ನೋಡಿದ್ದರೆ ಆ ಬಿಗಿ ಎಂಥದೆಂದು ಊಹಿಸಬಲ್ಲಿರಿ. ಇಲ್ಲಿ ಬಿಗಿಯುವುದು ನೂಲನ್ನು, ಅಲ್ಲಿ ಬಿಗಿಯುತ್ತಿದ್ದುದು ನೇಯ್ದ ಬಟ್ಟೆಯನ್ನು, ಅಷ್ಟೇ ವ್ಯತ್ಯಾಸ. ಮುಂದೇನಾಗುವುದೋ ಎಂದು ಕಾಯುವ ಮನಸ್ಸಿನ ಬಿಗಿತಕ್ಕೆ ಈ ಹೋಲಿಕೆ 18ನೇ ಶತಮಾನದ ಹೊತ್ತಿಗೆ ಇಂಗ್ಲಿಷಿನಲ್ಲಿ ರೂಢಿಯಾಗಿತ್ತು.

ಚೌಕಟ್ಟು ಕಣ್ಮರೆಯಾದ ಮೇಲೆ ಕಿವಿಗೆ ಪರಿಚಿತವಾದ ‘ಟೆಂಡರ್’ ಆ ಜಾಗಕ್ಕೆ ನುಸುಳಿತು. ಇಂಗ್ಲಿಷ್ ಮನೆಮಾತಿನವರೂ ಹೀಗೆ ತಪ್ಪುವುದುಂಟು, ಆದ್ದರಿಂದ ನಿಮ್ಮ ತಮ್ಮನವರನ್ನು ದೂರಬೇಕಾಗಿಲ್ಲ. ಗುತ್ತಿಗೆಗೆ ಕರೆಯುವ ಟೆಂಡರ್ ಕೂಡ ‘ಎಳೆ, ಚಾಚು’ ಎಂಬರ್ಥದ ಅದೇ ಲ್ಯಾಟಿನ್ ಮೂಲದಿಂದ ಬಂದ ಪದ.

ಇನ್ನು ಅನುವಾದದ ಮಾತು. ‘ತುದಿಗಾಲಲ್ಲಿ ನಿಲ್ಲು’ ಎಂಬಲ್ಲಿ ಇರುವುದು ಉತ್ಸಾಹ. ಜಾತ್ರೆಗೆ ಹೊರಟ ಮಗು ತುದಿಗಾಲಲ್ಲಿ ನಿಲ್ಲುತ್ತದೆ. ಟೆಂಟರ್‌ಹುಕ್ಸ್‌ನಲ್ಲಿ ಇರುವುದು ಅಳುಕು. ಸಸಿಮಡಿ ಹಾಕಿಕೊಂಡು, ಭದ್ರಾ ನಾಲೆಗೆ ನೀರು ಬಿಡುತ್ತಾರೋ ಇಲ್ಲವೋ, ಬಿಟ್ಟರೂ ಕೊನೆಯಂಚಿನ ತನ್ನ ಗದ್ದೆಗೆ ತಲುಪುತ್ತದೋ ಇಲ್ಲವೋ ಎಂದು ಕಾಯುವ ರೈತ ‘ಕುಂತಲ್ಲಿ ಕೂರಲಾರ, ನಿಂತಲ್ಲಿ ನಿಲ್ಲಲಾರ’. ನನ್ನ ಮಟ್ಟಿಗೆ ಇದೇ ತಕ್ಕ ಕನ್ನಡ. ‘ಮುಳ್ಳಿನ ಮೇಲೆ ಕುಳಿತಂತೆ’ ಎಂಬುದೂ ಹೊಂದುತ್ತದೆ. ಫಲಿತಾಂಶ ಬಂದುಬಿಟ್ಟ ಮೇಲಿನ ದುಃಖಕ್ಕಾಗಲೀ ಸಂತೋಷಕ್ಕಾಗಲೀ ಇಂಗ್ಲಿಷಿನ ಈ ನುಡಿಗಟ್ಟನ್ನು ಬಳಸುವಂತಿಲ್ಲ. ತಾನು ಕಾಯುವಾಗ ‘ಬಿ ಆನ್ ಟೆಂಟರ್‌ಹುಕ್ಸ್’, ಇನ್ನೊಬ್ಬರನ್ನು ಹಾಗೆ ಕಾಯಿಸುವಾಗ ‘ಬಿ’ ಬದಲು ‘ಕೀಪ್’ ಬಳಸಿ ಹೇಳುತ್ತಾರೆ. ಎರಡರಲ್ಲೂ ಪದ ಬಹುವಚನದಲ್ಲೇ ಇರುತ್ತದೆ.