ನಕ್ಕವರು ಯಾರು, ತೋರಿಸಿ

ನಮಸ್ಕಾರ. ದಕ್ಷಿಣ ಇಟಲಿಯ ಮತೇರಾ ಊರಿನ ಹಳೆಯ ಫೋಟೋಗಳ ಬಗ್ಗೆ ನೀವು ಬರೆದ ಲೇಖನ ಓದಿದೆ. ಏಳು ಫೋಟೋಗಳನ್ನು ಚೆನ್ನಾಗಿ ಆರಿಸಿದ್ದೀರಿ. ಬರವಣಿಗೆ ಸರಾಗವಾಗಿದೆ. ಆದರೆ ಎರಡು ವಾಕ್ಯಗಳು ನನಗೆ ತುಂಬಾ ಕಿರಿಕಿರಿ ಮಾಡಿದವು. ಅವುಗಳ ಬಗ್ಗೆ ಮಾತ್ರ ಬರೆಯುತ್ತೇನೆ.

ಮೊದಲನೆಯದು, "ಬಡತನವಿದ್ದರೂ ಆ ಗುಹೆಮನೆಗಳಲ್ಲಿ ನೆಮ್ಮದಿ ತುಂಬಿ ತುಳುಕುತ್ತಿತ್ತು." ನೆಮ್ಮದಿ ನಿಮಗೆ ಎಲ್ಲಿ ಕಂಡಿತು? ನಿಮ್ಮದೇ ಎರಡನೇ ಫೋಟೋ ನೋಡಿ. ಬಂಡೆ ಕೊರೆದು ಮಾಡಿದ ಒಂದೇ ಕೋಣೆ. ಬೆಳಕು ಬರುವುದು ಬಾಗಿಲಿನಿಂದ. ಮಂಚ ಎತ್ತರಕ್ಕಿದೆ, ಅದರ ಕೆಳಗೆ ಕೋಳಿಗಳಿವೆ. ಮಂಚದ ಮೇಲ್ಗಡೆ ತೊಟ್ಟಿಲು ತೂಗುಬಿಟ್ಟಿದ್ದಾರೆ. ಒಳಗಿನ ಕತ್ತಲಲ್ಲಿ ಹೇಸರಗತ್ತೆಯ ಬೆನ್ನು ಕಾಣುತ್ತದೆ. ಅಲ್ಲಿ ಮಲೇರಿಯಾ ಇತ್ತು, ಕೂಸುಗಳು ಜಾಸ್ತಿ ಸಾಯುತ್ತಿದ್ದವು. ಇದನ್ನೆಲ್ಲ ಬಿಟ್ಟು ಸುಮ್ನೆ ನೆಮ್ಮದಿ ಅಂದುಬಿಟ್ಟಿದ್ದೀರಿ.

ನಾನೂ ಹೀಗೇ ಬರೆದವನು. ಪತ್ರಿಕೆಗೆ ಸೇರಿದ ಮೊದಲ ವರ್ಷ ಒಂದು ಸಂತೆಯ ಫೋಟೋಗೆ "ಹಳ್ಳಿಗರ ಮುಗ್ಧ ನಗು" ಅಂತ ಅಡಿಬರಹ ಕೊಟ್ಟೆ. ಹಿರಿಯ ಉಪಸಂಪಾದಕರು ಬೈಯಲಿಲ್ಲ. ಭೂತಗನ್ನಡಿ ಕೈಗಿಟ್ಟು, "ನಕ್ಕವರು ಯಾರು, ತೋರಿಸು" ಅಂದರು. ಒಂದೊಂದೇ ಮುಖ ನೋಡುತ್ತಾ ಹೋದೆ. ಒಬ್ಬರೂ ನಕ್ಕಿರಲಿಲ್ಲ. ಮೂಲೆಯಲ್ಲಿ ಒಬ್ಬ ಹೆಂಗಸು ಮಾರಾಟವಾಗದ ಈರುಳ್ಳಿಯನ್ನು ಮತ್ತೆ ಚೀಲಕ್ಕೆ ತುಂಬುತ್ತಿದ್ದಳು. ಅವಳನ್ನು ನಾನು ನೋಡಿಯೇ ಇರಲಿಲ್ಲ. ಇವತ್ತಿಗೂ ಫೋಟೋ ಕೈಗೆ ಬಂದರೆ ಮೊದಲು ಮೂಲೆಗಳನ್ನು ನೋಡುತ್ತೇನೆ.

ಎರಡನೆಯದು, "ಇಲ್ಲಿ ಕಾಲ ನಿಂತುಬಿಟ್ಟಿದೆ." ನಿಮ್ಮ ಫೋಟೋಗಳ ನಡುವೆಯೇ ಎಷ್ಟೆಲ್ಲ ನಡೆದಿದೆ! ಪ್ರಧಾನಿ ದೆ ಗಾಸ್ಪೆರಿ 1950ರಲ್ಲಿ ಆ ಗುಹೆಮನೆಗಳನ್ನು ಬಂದು ನೋಡಿದರು. ಜನರನ್ನು ಬೇರೆ ಕಡೆ ಸಾಗಿಸಲು 1952ರಲ್ಲಿ ಕಾನೂನೇ ಬಂತು. ಮುಂದಿನ ವರ್ಷಗಳಲ್ಲಿ ಸುಮಾರು 15,000 ಜನ ಸಾಸ್ಸಿ ಎಂಬ ಆ ಗುಹೆಕೇರಿಗಳನ್ನು ಬಿಟ್ಟು ಹೊರಟರು. ಕೆಲವರು ಊರಾಚೆ ಹೊಸದಾಗಿ ಕಟ್ಟಿದ ಲಾ ಮಾರ್ತೆಲ್ಲಾ ಹಳ್ಳಿಗೆ, ಇನ್ನು ಕೆಲವರು ಸೆರ್ರಾ ವೆನೆರ್ದಿಯಂಥ ಬಡಾವಣೆಗಳಿಗೆ. ನಾಲ್ಕನೇ ಫೋಟೋದಲ್ಲಿ ಗಾಡಿ ಮೇಲೆ ಹಾಸಿಗೆ ಹೇರಿದ್ದಾರಲ್ವಾ, ಅದು ಈ ಕಥೆಯೇ. ನೀವು ಅದಕ್ಕೆ "ಪಯಣ" ಅಂತ ಒಂದೇ ಪದ ಬರೆದಿದ್ದೀರಿ. ಎಲ್ಲಿಂದ, ಎಲ್ಲಿಗೆ, ಯಾರು ಹೇಳಿದ್ದಕ್ಕೆ? ಆಮೇಲೆ ಆ ಕೇರಿಗಳು ವರ್ಷಗಟ್ಟಲೆ ಖಾಲಿ ಬಿದ್ದಿದ್ದವು. 1993ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಹೇಸರಗತ್ತೆ ಕಟ್ಟುತ್ತಿದ್ದ ಜಾಗದಲ್ಲಿ ಈಗ ಹೋಟೆಲ್ ಕೋಣೆಗಳಿವೆ.

ಅವರ ಬದುಕಿನ ಬೆಚ್ಚನೆಯ ಭಾಗವನ್ನೂ ಬರೆಯಲೇಬೇಕು, ಬೇಡ ಅನ್ನುವುದಿಲ್ಲ. ಅದಕ್ಕೆ ವಿಚಿನಾತೋ ಇದೆ. ಕೆಲವು ಮನೆಗಳ ಬಾಗಿಲು ತೆರೆದುಕೊಳ್ಳುತ್ತಿದ್ದ ಒಂದೇ ಅಂಗಳ ಅದು. ಹೆಂಗಸರ ಕೆಲಸ, ಮಕ್ಕಳ ಆಟ, ಜಗಳ ಎಲ್ಲ ಅಲ್ಲೇ. ಬ್ರೆಡ್ಡು ಊರೊಟ್ಟಿನ ಒಲೆಯಲ್ಲಿ ಬೇಯುತ್ತಿತ್ತು. ಯಾರದು ಯಾವುದು ಅಂತ ಗೊತ್ತಾಗಲು ಪ್ರತಿ ಮನೆಯವರೂ ಹಿಟ್ಟಿನ ಮೇಲೆ ತಮ್ಮ ಮರದ ಮುದ್ರೆ ಒತ್ತುತ್ತಿದ್ದರು. ಇಂಥದ್ದು ಬರೆದರೆ ನೆಮ್ಮದಿ ಎಂಬ ಪದವೇ ಬೇಕಾಗುವುದಿಲ್ಲ.

ಕೊನೆಯ ಫೋಟೋದಲ್ಲಿ ಹೊಸ ಮನೆಯ ಬಾಲ್ಕನಿಯಲ್ಲಿ ಒಬ್ಬ ಅಜ್ಜಿ ಕೂತಿದ್ದಾಳೆ. ಕುರ್ಚಿಯನ್ನು ರಸ್ತೆ ಕಡೆ ತಿರುಗಿಸಿಕೊಂಡಿದ್ದಾಳೆ. ಅವಳ ಬಗ್ಗೆ ನೀವು ಏನೂ ಬರೆದಿಲ್ಲ. ಲೇಖನವನ್ನು ಅಲ್ಲಿಂದ ಶುರು ಮಾಡಿ. ಅವಳ ಪಕ್ಕದಲ್ಲಿ ಇನ್ನೊಂದು ಕುರ್ಚಿ ಇದೆಯಾ, ಮೊದಲು ಅದನ್ನು ನೋಡಿ. ತಿಂಗಳೊಳಗೆ ಮತ್ತೆ ಕಳಿಸಿ, ಕಾಯುತ್ತಿರುತ್ತೇನೆ.